ಬಿ.ಎ.ಯಲ್ಲಿ ಇತಿಹಾಸ, ಸಮಾಜಶಾಸ್ತ್ರ, ಕನ್ನಡ ಓದಿದವರು ಸಮಾಜ ವಿಜ್ಞಾನ ಶಿಕ್ಷಕರಾಗಲು ಅರ್ಹರೇ?

ಪ್ರಶ್ನೆ: ಹೊಸನಗರದ ಅತಿಥಿ ಶಿಕ್ಷಕಿ

ಎಲ್ಲರಿಗೂ ನಮಸ್ಕಾರ. ನಾನು ಹೊಸನಗರ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಮೂರು ವರ್ಷಗಳಿಂದ ಅತಿಥಿ ಶಿಕ್ಷಕಿಯಾಗಿ ಸಮಾಜ ವಿಜ್ಞಾನ ಪಾಠ ಮಾಡುತ್ತಿದ್ದೇನೆ. ಕುವೆಂಪು ವಿಶ್ವವಿದ್ಯಾಲಯದ ವ್ಯಾಪ್ತಿಯ ಕಾಲೇಜೊಂದರಲ್ಲಿ 2014ರಲ್ಲಿ ಬಿ.ಎ. ಮುಗಿಸಿದೆ. ಐಚ್ಛಿಕ ವಿಷಯಗಳು ಇತಿಹಾಸ, ಸಮಾಜಶಾಸ್ತ್ರ ಮತ್ತು ಕನ್ನಡ. ಒಟ್ಟು ಶೇಕಡ 56 ಅಂಕ ಬಂದಿದೆ. 2015ರಲ್ಲಿ ಬಿ.ಇಡಿ. ಸೇರಿ 2017ರಲ್ಲಿ ಪೂರೈಸಿದೆ, ಅಲ್ಲಿ ನನ್ನ ಬೋಧನಾ ವಿಷಯಗಳು ಸಮಾಜ ವಿಜ್ಞಾನ ಮತ್ತು ಕನ್ನಡ. ಅದಾದ ಮೇಲೆ ದೂರ ಶಿಕ್ಷಣದಲ್ಲಿ ರಾಜ್ಯಶಾಸ್ತ್ರದ ಎಂ.ಎ. ಮಾಡಿಕೊಂಡೆ, ಅದರಲ್ಲಿ ಶೇಕಡ 61 ಬಂದಿದೆ. ಶಿಕ್ಷಕರ ಅರ್ಹತಾ ಪರೀಕ್ಷೆ, ಅಂದರೆ ಟಿಇಟಿ, ಇನ್ನೂ ಬರೆದಿಲ್ಲ.

ಹೋದ ವಾರ ಅಂಕಪಟ್ಟಿಗಳನ್ನು ಸ್ಕ್ಯಾನ್ ಮಾಡಿಸಲು ಪೇಟೆಯ ಸೈಬರ್ ಅಂಗಡಿಗೆ ಹೋಗಿದ್ದೆ. ಶಿಕ್ಷಕರ ನೇಮಕಾತಿಯ ಅರ್ಜಿಗಳನ್ನು ವರ್ಷಗಳಿಂದ ತುಂಬಿಸಿ ಅನುಭವವಿರುವ ಆ ಅಂಗಡಿಯವರು ನನ್ನ ಪದವಿಯ ಅಂಕಪಟ್ಟಿಯನ್ನು ನೋಡಿ, "ಮೇಡಂ, ಇದರಲ್ಲಿ ಲೆಕ್ಕಕ್ಕೆ ಬರುವುದು ಇತಿಹಾಸ ಒಂದೇ. ಸಮಾಜ ವಿಜ್ಞಾನಕ್ಕೆ ಎರಡು ವಿಷಯ ಬೇಕು, ನಿಮ್ಮ ಅರ್ಜಿ ನಿಲ್ಲುವುದಿಲ್ಲ" ಎಂದುಬಿಟ್ಟರು. ಎಂ.ಎ. ರಾಜ್ಯಶಾಸ್ತ್ರ ಆಗಿದೆಯಲ್ಲ ಎಂದರೆ, ಅದನ್ನು ಅಲ್ಲಿ ಕೇಳುವುದೇ ಇಲ್ಲ ಎಂದರು. ಆ ಮಾತು ಕೇಳಿದಂದಿನಿಂದ ಮನಸ್ಸಿಗೆ ಸಮಾಧಾನವಿಲ್ಲ. ಎಂಟು, ಒಂಬತ್ತು, ಹತ್ತನೆಯ ತರಗತಿಗಳಿಗೆ ದಿನವೂ ಇದೇ ವಿಷಯವನ್ನು ಕಲಿಸುತ್ತಿರುವ ನಾನು ಈ ವಿಷಯದ ಹುದ್ದೆಗೆ ಅರ್ಜಿಯನ್ನೇ ಹಾಕುವಂತಿಲ್ಲವೇ?

ನನಗೆ ಈ ವಿಷಯವೇ ಏಕೆ ಬೇಕು ಎಂಬುದನ್ನೂ ಹೇಳಿಬಿಡುತ್ತೇನೆ. ಕಳೆದ ತಿಂಗಳು ಕರ್ನಾಟಕದ ನದಿಗಳ ಪಾಠ ಮಾಡುತ್ತ ಗೋಡೆಯ ನಕ್ಷೆಯಲ್ಲಿ ಲಿಂಗನಮಕ್ಕಿ ಜಲಾಶಯವನ್ನು ತೋರಿಸುತ್ತಿದ್ದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ಬಂದು, ಆ ನೀಲಿ ಬಣ್ಣದ ಮೇಲೆ ಬೆರಳಿಟ್ಟು, "ಟೀಚರ್, ನಮ್ಮಜ್ಜಿ ಹುಟ್ಟಿದ ಊರು ಇದರೊಳಗೆ ಎಲ್ಲಿ ಬರುತ್ತೆ?" ಎಂದು ಕೇಳಿದಳು. ಮುಳುಗಡೆಯ ಕುಟುಂಬದ ಮಗು ಅದು. ನನಗೆ ಆ ಕ್ಷಣಕ್ಕೆ ಉತ್ತರ ಗೊತ್ತಿರಲಿಲ್ಲ. ಉತ್ತರವನ್ನು ಹುಡುಕಿ ಹೇಳಬೇಕು, ಇಂಥ ಪ್ರಶ್ನೆ ಕೇಳುವ ಮಕ್ಕಳ ಜೊತೆಗೇ ಇರಬೇಕು ಎಂಬ ಆಸೆ ನನ್ನದು.

ದಯವಿಟ್ಟು ತಿಳಿದವರು ಹೇಳಿ. ನನ್ನ ಎಂ.ಎ. ಪದವಿಯು ಪದವಿಯ ಐಚ್ಛಿಕ ವಿಷಯದ ಕೊರತೆಯನ್ನು ತುಂಬುತ್ತದೆಯೇ? ಪ್ರೌಢಶಾಲೆಗೂ ಟಿಇಟಿ ಬೇಕೇ? ನಾನು ಈಗ ಮೊದಲು ಮಾಡಬೇಕಾದ ಕೆಲಸ ಯಾವುದು?

ಉತ್ತರ: ನಿವೃತ್ತ ಮುಖ್ಯ ಶಿಕ್ಷಕ, ಶಿವಮೊಗ್ಗ

ಮೇಡಂ ಅವರಿಗೆ ನಮಸ್ಕಾರ. ನಿಮ್ಮ ಬರಹವನ್ನು ಎರಡು ಬಾರಿ ಓದಿದೆ. ಸೈಬರ್ ಅಂಗಡಿಯವರ ಮಾತಿನಲ್ಲಿ ಹುರುಳಿದೆ, ಆದರೆ ಅದು ಎಲ್ಲ ಹುದ್ದೆಗಳಿಗೂ ಒಂದೇ ಸಮನಾಗಿ ಅನ್ವಯಿಸುವ ಮಾತಲ್ಲ. ನಾವು ಬಾಯಿಮಾತಿನಲ್ಲಿ "ಸಮಾಜ ವಿಜ್ಞಾನದ ಮೇಷ್ಟ್ರು" ಎಂದು ಒಂದೇ ಹೆಸರಿನಿಂದ ಕರೆಯುವ ಕೆಲಸವು ನಿಯಮದ ಕಣ್ಣಿನಲ್ಲಿ ಬೇರೆ ಬೇರೆ ವೃಂದಗಳಿಗೆ ಸೇರಿದ ಬೇರೆ ಬೇರೆ ಹುದ್ದೆಗಳಾಗಿದ್ದು, ಒಂದೊಂದಕ್ಕೂ ಅರ್ಹತೆ ಬೇರೆ ಇದೆ.

ಆರರಿಂದ ಎಂಟನೆಯ ತರಗತಿಯವರೆಗಿನ ಪದವೀಧರ ಪ್ರಾಥಮಿಕ ಶಿಕ್ಷಕರ ಹುದ್ದೆಯನ್ನು ಮೊದಲು ನೋಡೋಣ. ಶಿಕ್ಷಣ ಹಕ್ಕು ಕಾಯ್ದೆಯ 23ನೆಯ ಸೆಕ್ಷನ್ ಪ್ರಕಾರ ಕನಿಷ್ಠ ಅರ್ಹತೆಯನ್ನು ಗೊತ್ತುಪಡಿಸುವ ಅಧಿಕಾರ ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತಿಗೆ, ಅಂದರೆ ಎನ್‌ಸಿಟಿಇಗೆ ಇದೆ. ಅದು 2010ರ ಆಗಸ್ಟ್ 23ರಂದು ಹೊರಡಿಸಿದ ಅಧಿಸೂಚನೆ ಮತ್ತು ಅದರ ನಂತರದ ತಿದ್ದುಪಡಿಗಳ ಪ್ರಕಾರ ಪದವಿಯ ಜೊತೆಗೆ ಎರಡು ವರ್ಷದ ಪ್ರಾಥಮಿಕ ಶಿಕ್ಷಕರ ತರಬೇತಿಯಾದ ಡಿ.ಎಲ್.ಇಡಿ., ಅಥವಾ ಶೇಕಡ 50 ಅಂಕಗಳ ಪದವಿಯ ಜೊತೆಗೆ ಬಿ.ಇಡಿ. ಇರಬೇಕು, ಮತ್ತು ಯಾವ ದಾರಿಯಿಂದ ಬಂದರೂ ಟಿಇಟಿ ತೇರ್ಗಡೆಯಾಗಿರಬೇಕು. ಮೀಸಲು ವರ್ಗಗಳಿಗೆ ಅಂಕಗಳಲ್ಲಿ ಶೇಕಡ 5ರವರೆಗೆ ರಿಯಾಯಿತಿಗೆ ಅವಕಾಶವಿದೆ. ಒಂಬತ್ತು ಮತ್ತು ಹತ್ತನೆಯ ತರಗತಿಯ ಹುದ್ದೆಗಳಿಗೆ ಎನ್‌ಸಿಟಿಇಯ 2014ರ ನಿಯಮಾವಳಿ ಅನ್ವಯವಾಗುತ್ತದೆ. ಅಲ್ಲಿ ಪದವಿ ಅಥವಾ ಸ್ನಾತಕೋತ್ತರ ಪದವಿ ಇವೆರಡರಲ್ಲಿ ಒಂದರಲ್ಲಿ ಶೇಕಡ 50 ಅಂಕ ಮತ್ತು ಬಿ.ಇಡಿ. ಸಾಕು; ರಾಜ್ಯದ ಪ್ರೌಢಶಾಲಾ ನೇಮಕಾತಿಗೆ ಟಿಇಟಿ ಕಡ್ಡಾಯವಾಗಿಲ್ಲ.

ಇಷ್ಟು ಓದಿದರೆ ನಿಮಗೆ ಎಲ್ಲವೂ ಇದೆ ಎನಿಸುತ್ತದೆ. ಆದರೆ ಎನ್‌ಸಿಟಿಇ ಹೇಳುವುದು ಕನಿಷ್ಠ ಮಟ್ಟವನ್ನು ಮಾತ್ರ. ಅದರ ಮೇಲೆ ರಾಜ್ಯ ಸರ್ಕಾರವು ತನ್ನ ವೃಂದ ಮತ್ತು ನೇಮಕಾತಿ ನಿಯಮಗಳನ್ನು ಮಾಡುತ್ತದೆ, ಮತ್ತು ಪದವಿಯಲ್ಲಿ ಯಾವ ಐಚ್ಛಿಕ ವಿಷಯಗಳನ್ನು ಓದಿರಬೇಕು ಎಂಬ ಮಾತು ಬರುವುದು ಅಲ್ಲಿಯೇ. ದಾಖಲೆ ಪರಿಶೀಲನೆಯ ದಿನ ಮೇಜಿನ ಆಚೆ ಕುಳಿತವರು ನಿಮ್ಮ ಪಾಠದ ಅನುಭವವನ್ನು ಕೇಳುವುದಿಲ್ಲ. ಪದವಿಯ ಅಂಕಪಟ್ಟಿಗಳನ್ನು ಒಂದೊಂದಾಗಿ ತಿರುವಿ, ವಿಷಯದ ಹೆಸರಿನ ಕೆಳಗೆ ಬೆರಳಿಟ್ಟು, ಅಧಿಸೂಚನೆಯ ವಿಷಯಗಳೊಂದಿಗೆ ತಾಳೆ ನೋಡುತ್ತಾರೆ. ಎಂ.ಎ. ಅಂಕಪಟ್ಟಿ ಎಷ್ಟೇ ಚೆನ್ನಾಗಿದ್ದರೂ, ಪದವಿಯಲ್ಲಿಯೇ ಓದಿರಬೇಕು ಎಂದು ನಿಯಮ ಹೇಳಿದರೆ ಆ ಜಾಗವನ್ನು ಅದು ತುಂಬುವುದಿಲ್ಲ.

ಖಚಿತವಾಗಿ ಹೇಳಬಹುದಾದ ಒಂದು ಉದಾಹರಣೆ ಕೇಂದ್ರೀಯ ವಿದ್ಯಾಲಯಗಳದ್ದು. ಅಲ್ಲಿ ಸಮಾಜ ವಿಜ್ಞಾನದ ಪದವೀಧರ ಶಿಕ್ಷಕರಾಗಲು ಇತಿಹಾಸ, ಭೂಗೋಳ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ ಈ ನಾಲ್ಕರಲ್ಲಿ ಎರಡನ್ನು ಪದವಿಯಲ್ಲಿ ಓದಿರಬೇಕು, ಮತ್ತು ಆ ಎರಡರಲ್ಲಿ ಒಂದು ಇತಿಹಾಸ ಅಥವಾ ಭೂಗೋಳವೇ ಆಗಿರಬೇಕು. ಜೊತೆಗೆ ಸಿಬಿಎಸ್‌ಇ ನಡೆಸುವ ಕೇಂದ್ರ ಮಟ್ಟದ ಟಿಇಟಿಯಾದ ಸಿಟಿಇಟಿಯ ಎರಡನೆಯ ಪತ್ರಿಕೆ ತೇರ್ಗಡೆಯಾಗಿರಬೇಕು. ನಿಮ್ಮಲ್ಲಿ ಇತಿಹಾಸ ಇದೆ, ಎರಡನೆಯದು ಇಲ್ಲ. ಸಮಾಜಶಾಸ್ತ್ರ ಆ ನಾಲ್ಕರೊಳಗೆ ಸೇರಿಲ್ಲ. ನಮ್ಮ ರಾಜ್ಯದ ಪ್ರೌಢಶಾಲೆಯ ಸಮಾಜ ವಿಜ್ಞಾನ ಪುಸ್ತಕದಲ್ಲಿ ಇತಿಹಾಸ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಭೂಗೋಳ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ ಎಂದು ಆರು ವಿಭಾಗಗಳಿವೆ. ಹಾಗಿರುವಾಗ ಸಮಾಜಶಾಸ್ತ್ರ ಓದಿದವರನ್ನು ಯಾವುದೇ ಪಟ್ಟಿಯಿಂದ ಹೊರಗಿಡುವುದು ನನಗೆ ಸರಿ ಕಾಣುವುದಿಲ್ಲ. ಅಸ್ಪೃಶ್ಯತೆ, ಶ್ರಮ, ಸಮುದಾಯ ಇವುಗಳ ಪಾಠವನ್ನು ಅವರಿಗಿಂತ ಚೆನ್ನಾಗಿ ಯಾರು ಮಾಡಿಯಾರು? ಆದರೂ ನಿಯಮ ಬದಲಾಗುವವರೆಗೆ ಅರ್ಜಿದಾರರು ನಿಯಮದ ಅಕ್ಷರವನ್ನೇ ನಂಬಿ ನಡೆಯಬೇಕು.

ಆದ್ದರಿಂದ ನೀವು ಮೊದಲು ಮಾಡಬೇಕಾದದ್ದು ಇದು. ಶಾಲಾ ಶಿಕ್ಷಣ ಇಲಾಖೆಯ ಜಾಲತಾಣದಲ್ಲಿ ಹಿಂದಿನ ನೇಮಕಾತಿ ಅಧಿಸೂಚನೆಗಳಿವೆ. ಅವುಗಳಲ್ಲಿ ವಿದ್ಯಾರ್ಹತೆಯ ಭಾಗವನ್ನು ಮಾತ್ರ ಮುದ್ರಿಸಿಕೊಂಡು, ನಿಮ್ಮ ಮೂರು ವಿಷಯಗಳ ಸಂಯೋಜನೆಯನ್ನು ಅದರ ಪಕ್ಕದಲ್ಲಿಟ್ಟು ನೋಡಿ. ಪದಗಳು ಹೊಂದದಿದ್ದರೆ ಅಥವಾ ಸಂಶಯ ಉಳಿದರೆ ಶಿವಮೊಗ್ಗದ ಉಪನಿರ್ದೇಶಕರ ಕಚೇರಿಗೆ ಲಿಖಿತ ಅರ್ಜಿ ಕೊಟ್ಟು ಲಿಖಿತ ಉತ್ತರವನ್ನೇ ಕೇಳಿ. ಕಿಟಕಿಯ ಬಳಿ ಯಾರೋ ಬಾಯಲ್ಲಿ ಹೇಳಿದ "ಆಗುತ್ತದೆ" ಅಥವಾ "ಆಗುವುದಿಲ್ಲ" ಎಂಬ ಮಾತಿನ ಮೇಲೆ ಜೀವನದ ಎರಡು ವರ್ಷ ಕಳೆದುಕೊಂಡ ಹುಡುಗ ಹುಡುಗಿಯರನ್ನು ನಾನು ಕಂಡಿದ್ದೇನೆ. ಇನ್ನೊಮ್ಮೆ ಬೇರೆ ವಿಷಯಗಳೊಂದಿಗೆ ಬಿ.ಎ. ಮಾಡುವ ಯೋಚನೆ ಬಂದರೂ ಆ ಲಿಖಿತ ಉತ್ತರ ಕೈಗೆ ಬಂದ ಮೇಲೆಯೇ ಶುಲ್ಕ ಕಟ್ಟಿ.

ಎರಡು ಬಾಗಿಲುಗಳು ನಿಮಗೆ ಈಗಲೇ ತೆರೆದಿವೆ ಎಂಬುದನ್ನು ಮರೆಯಬೇಡಿ. ಪದವಿಯಲ್ಲಿ ಕನ್ನಡ ಐಚ್ಛಿಕ, ಬಿ.ಇಡಿ.ಯಲ್ಲಿ ಕನ್ನಡ ಬೋಧನೆ ಎರಡೂ ಇರುವುದರಿಂದ ಪ್ರೌಢಶಾಲೆಯ ಕನ್ನಡ ಭಾಷಾ ಶಿಕ್ಷಕರ ಹುದ್ದೆಯ ಕಡೆ ನಿಮ್ಮ ಕಾಲು ಗಟ್ಟಿಯಾಗಿದೆ. ಇನ್ನೊಂದು ಪದವಿಪೂರ್ವ ಕಾಲೇಜು. ಅಲ್ಲಿ ಸಮಾಜ ವಿಜ್ಞಾನ ಎಂಬ ಒಟ್ಟು ವಿಷಯವಿಲ್ಲ. ಇತಿಹಾಸಕ್ಕೆ ಇತಿಹಾಸದ, ರಾಜ್ಯಶಾಸ್ತ್ರಕ್ಕೆ ರಾಜ್ಯಶಾಸ್ತ್ರದ ಉಪನ್ಯಾಸಕರಿರುತ್ತಾರೆ. ಆ ವಿಷಯದ ಸ್ನಾತಕೋತ್ತರ ಪದವಿಯಲ್ಲಿ ಶೇಕಡ 55 ಮತ್ತು ಬಿ.ಇಡಿ. ಕೇಳುತ್ತಾರೆ. ನಿಮ್ಮ ಎಂ.ಎ.ಗೆ ನಿಜವಾದ ಬೆಲೆ ಬರುವುದು ಅಲ್ಲಿ. ದೂರ ಶಿಕ್ಷಣದ ಪದವಿಯಾದ್ದರಿಂದ, ನೀವು ಪ್ರವೇಶ ಪಡೆದ ವರ್ಷದಲ್ಲಿ ಆ ಕೋರ್ಸಿಗೆ ಯುಜಿಸಿಯ ಮಾನ್ಯತೆ ಇತ್ತೇ ಎಂಬುದನ್ನು ಮಾತ್ರ ಖಚಿತಪಡಿಸಿಕೊಂಡು, ಅದರ ಪ್ರತಿಯನ್ನು ಇಟ್ಟುಕೊಳ್ಳಿ.

ಉತ್ತರ: ಶಿಕಾರಿಪುರ ತಾಲ್ಲೂಕಿನ ಪದವೀಧರ ಪ್ರಾಥಮಿಕ ಶಿಕ್ಷಕ

ಹಿರಿಯರು ನಿಯಮವನ್ನು ವಿವರವಾಗಿ ಹೇಳಿದ್ದಾರೆ. ನಾನು 2022ರಲ್ಲಿ 15,000 ಹುದ್ದೆಗಳಿಗೆ ನಡೆದ ನೇಮಕಾತಿಯಲ್ಲಿ ಆಯ್ಕೆಯಾಗಿ ಈಗ ಆರರಿಂದ ಎಂಟನೆಯ ತರಗತಿಗೆ ಸಮಾಜ ಪಾಠ ಮಾಡುತ್ತಿರುವವನು. ನನ್ನ ಅನುಭವದಿಂದ ಎರಡು ಮೂರು ಸಂಗತಿಗಳನ್ನು ಸೇರಿಸುತ್ತೇನೆ.

ಮೇಡಂ, ಐಚ್ಛಿಕ ವಿಷಯದ ಪ್ರಶ್ನೆ ಇತ್ಯರ್ಥವಾಗುವವರೆಗೆ ಕಾಯದೆ ಟಿಇಟಿ ಬರೆದುಬಿಡಿ. 2021ರಲ್ಲಿ ಆದ ನಿರ್ಧಾರದ ನಂತರ ಟಿಇಟಿ ಪ್ರಮಾಣಪತ್ರಕ್ಕೆ ಜೀವನಪರ್ಯಂತ ಮಾನ್ಯತೆ ಇದೆ, ಮೊದಲಿನ ಹಾಗೆ ಏಳು ವರ್ಷಕ್ಕೆ ಮುಗಿಯುವುದಿಲ್ಲ. ಆರರಿಂದ ಎಂಟನೆಯ ತರಗತಿಯ ಶಿಕ್ಷಕರಿಗಿರುವ ಎರಡನೆಯ ಪತ್ರಿಕೆಯಲ್ಲಿ 150 ಪ್ರಶ್ನೆಗಳಿಗೆ ಎರಡೂವರೆ ಗಂಟೆ ಸಮಯವಿರುತ್ತದೆ. ಶಿಶು ವಿಕಾಸ ಮತ್ತು ಬೋಧನಾ ಶಾಸ್ತ್ರಕ್ಕೆ 30, ಎರಡು ಭಾಷೆಗಳಿಗೆ ತಲಾ 30, ಉಳಿದ 60 ಸಮಾಜ ವಿಜ್ಞಾನಕ್ಕೆ ಅಥವಾ ಗಣಿತ ಮತ್ತು ವಿಜ್ಞಾನಕ್ಕೆ. ಅರ್ಜಿ ತುಂಬುವಾಗ ಸಮಾಜ ವಿಜ್ಞಾನವನ್ನೇ ಆಯ್ಕೆ ಮಾಡಿದ್ದೀರಾ ಎಂದು ಸಲ್ಲಿಸುವ ಮೊದಲು ಇನ್ನೊಮ್ಮೆ ನೋಡಿ. ಸಾಮಾನ್ಯ ವರ್ಗಕ್ಕೆ ಶೇಕಡ 60, ಅಂದರೆ 90 ಅಂಕ ಬೇಕು. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲವಾದ್ದರಿಂದ ಯಾವ ಪ್ರಶ್ನೆಯನ್ನೂ ಖಾಲಿ ಬಿಡಬೇಡಿ. ಆದರೆ ನೇಮಕಾತಿ ಪರೀಕ್ಷೆ ಇದಕ್ಕಿಂತ ಬೇರೆಯದು. ನಮ್ಮ ಸಲದ ವಿಷಯ ಪತ್ರಿಕೆಯಲ್ಲಿ ವಿವರಣಾತ್ಮಕ ಉತ್ತರಗಳನ್ನೂ ಬರೆಯಬೇಕಿತ್ತು. ಬರೀ ಸರಿಯುತ್ತರಕ್ಕೆ ಗುರುತು ಹಾಕಿ ಅಭ್ಯಾಸವಾಗಿದ್ದ ನನ್ನ ಗೆಳೆಯರು ಅಲ್ಲಿ ಎಡವಿದರು. ದಿನಕ್ಕೆ ಒಂದು ಪುಟವಾದರೂ ಕೈಯಿಂದ ಬರೆಯುವ ರೂಢಿ ಇರಲಿ.

ದಾಖಲೆಗಳ ವಿಷಯವನ್ನು ನಾನು ನೋವಿನಿಂದಲೇ ಬರೆಯುತ್ತಿದ್ದೇನೆ. ನೇಮಕಾತಿಗೆ ಮೊದಲು ಖಾಸಗಿ ಶಾಲೆಯೊಂದರಲ್ಲಿ ಕೆಲಸ ಮಾಡುತ್ತಿದ್ದೆ. ಸೇರುವಾಗಲೇ ಅವರು ನನ್ನ ಮೂಲ ಅಂಕಪಟ್ಟಿಗಳನ್ನು ತೆಗೆದುಕೊಂಡು ಬೀರುವಿನಲ್ಲಿ ಇಟ್ಟಿದ್ದರು. ಪರಿಶೀಲನೆಗೆ ಕರೆ ಬಂದಾಗ, ವರ್ಷದ ನಡುವೆ ಬಿಟ್ಟು ಹೋಗುವವರಿಗೆ ಕೊಡಲಾಗುವುದಿಲ್ಲ ಎಂದರು. ನಾಲ್ಕು ದಿನ ಅಲೆದು, ಊರಿನ ಹಿರಿಯರಿಬ್ಬರನ್ನು ಕರೆದುಕೊಂಡು ಹೋಗಿ ಕೂತ ಮೇಲೆ ಕೊನೆಗೆ ಆ ಕಂದು ಲಕೋಟೆ ನನ್ನ ಕೈಗೆ ಬಂತು. ಒಳಗೆ ನೋಡಿದರೆ ಎರಡನೆಯ ಸೆಮಿಸ್ಟರಿನ ಅಂಕಪಟ್ಟಿಯ ಒಂದು ಅಂಚನ್ನು ಗೆದ್ದಲು ತಿಂದಿತ್ತು, ಪುಣ್ಯಕ್ಕೆ ವಿಷಯಗಳ ಹೆಸರು ಉಳಿದಿದ್ದವು. ಮೂಲ ದಾಖಲೆಯನ್ನು ಯಾವ ಸಂಸ್ಥೆಯ ಕೈಗೂ ಕೊಡಬೇಡಿ. ಎಲ್ಲ ಸೆಮಿಸ್ಟರುಗಳ ಅಂಕಪಟ್ಟಿ, ಘಟಿಕೋತ್ಸವ ಪ್ರಮಾಣಪತ್ರ, ಒಂದರಿಂದ ಹತ್ತನೆಯ ತರಗತಿಯವರೆಗಿನ ಕನ್ನಡ ಮಾಧ್ಯಮ ಮತ್ತು ಗ್ರಾಮೀಣ ವ್ಯಾಸಂಗ ಪ್ರಮಾಣಪತ್ರಗಳು ಇವನ್ನೆಲ್ಲ ಅಧಿಸೂಚನೆ ಬರುವ ಮೊದಲೇ ಸಿದ್ಧ ಮಾಡಿಕೊಳ್ಳಿ. ರಾಜ್ಯದ ನೇರ ನೇಮಕಾತಿಯಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗೆ ಶೇಕಡ 25, ಕನ್ನಡ ಮಾಧ್ಯಮದವರಿಗೆ ಶೇಕಡ 5 ಸಮತಳ ಮೀಸಲಾತಿ, ಅಂದರೆ ಪ್ರತಿ ವರ್ಗದ ಒಳಗೇ ಸಿಗುವ ಪಾಲು, ಇದೆ. ನಮ್ಮ ಮಲೆನಾಡಿನ ಹಳ್ಳಿಶಾಲೆಗಳಲ್ಲಿ ಓದಿದವರಿಗೆ ಅದು ಸಣ್ಣ ಸಂಗತಿಯಲ್ಲ. ಗ್ರಾಮೀಣ ಪ್ರಮಾಣಪತ್ರಕ್ಕೆ ಓದಿದ ಶಾಲೆಯ ಮುಖ್ಯ ಶಿಕ್ಷಕರ ಸಹಿಯ ಜೊತೆಗೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುಸಹಿಯೂ ಬೇಕಾಗುತ್ತದೆ. ಕೊನೆಯ ವಾರ ಓಡಿದರೆ ಆಗುವ ಕೆಲಸವಲ್ಲ.

ಮದುವೆಯಾದ ಮಹಿಳೆಯರು ಇನ್ನೂ ಒಂದು ವಿಷಯದಲ್ಲಿ ಎಚ್ಚರ ವಹಿಸಬೇಕು. 2022ರ ನೇಮಕಾತಿಯಲ್ಲಿ ಹಿಂದುಳಿದ ವರ್ಗದ ಅನೇಕ ಸಹೋದರಿಯರ ಜಾತಿ ಮತ್ತು ಆದಾಯ ಪ್ರಮಾಣಪತ್ರ ತಂದೆಯ ಹೆಸರಿನಲ್ಲಿರಬೇಕೋ ಗಂಡನ ಹೆಸರಿನಲ್ಲಿರಬೇಕೋ ಎಂಬ ವಿವಾದ ಎದ್ದು, ಅದು ಹೈಕೋರ್ಟಿನವರೆಗೆ ಹೋಯಿತು. ಆಯ್ಕೆ ಪಟ್ಟಿಯ ಅಂಚಿನಲ್ಲಿದ್ದವರು ತಿಂಗಳುಗಟ್ಟಲೆ ಆತಂಕದಲ್ಲಿ ಕಾದರು. ಅಧಿಸೂಚನೆಯಲ್ಲಿ ಯಾವ ನಮೂನೆ, ಯಾರ ಆದಾಯ, ಯಾವ ದಿನಾಂಕದೊಳಗೆ ಎಂದು ಬರೆದಿದೆಯೋ ಅದರಂತೆಯೇ ಮಾಡಿಸಿ.

ಉತ್ತರ: ಸಾಗರದ ಪ್ರಾಥಮಿಕ ಶಾಲಾ ಶಿಕ್ಷಕಿ

ನನ್ನದು ಚಿಕ್ಕ ಮಾತು. ತಂಗಿ, ಬಿ.ಇಡಿ. ಇದೆಯೆಂದು ಒಂದರಿಂದ ಐದನೆಯ ತರಗತಿಯ ಹುದ್ದೆಗೆ ಅರ್ಜಿ ಹಾಕುವ ಯೋಚನೆ ಮಾಡಬೇಡಿ. 2023ರ ಆಗಸ್ಟ್ 11ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಆ ತರಗತಿಗಳಿಗೆ ಡಿ.ಎಲ್.ಇಡಿ.ಯೇ ಬೇಕು, ಬಿ.ಇಡಿ. ನಡೆಯುವುದಿಲ್ಲ.

ಟಿಇಟಿಯ ಬಗ್ಗೆ ಸೇವೆಯಲ್ಲಿರುವವರಿಗೂ ಈಗ ನಿಶ್ಚಿಂತೆ ಇಲ್ಲ. 2025ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನಲ್ಲಿ, ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಸೇವೆ ಉಳಿದಿರುವ ಒಂದರಿಂದ ಎಂಟನೆಯ ತರಗತಿಯ ಶಿಕ್ಷಕರು ಎರಡು ವರ್ಷದೊಳಗೆ ಟಿಇಟಿ ತೇರ್ಗಡೆಯಾಗಬೇಕು ಎಂದು ಹೇಳಲಾಯಿತು. ಐದು ವರ್ಷದೊಳಗಿನವರು ಮುಂದುವರಿಯಬಹುದು, ಆದರೆ ಬಡ್ತಿ ಬೇಕೆಂದರೆ ಅವರೂ ಬರೆಯಬೇಕು. ನಾನು ಟಿಸಿಎಚ್ (ಆಗಿನ ಪ್ರಾಥಮಿಕ ಶಿಕ್ಷಕರ ತರಬೇತಿ) ಮಾಡಿ ಕೆಲಸಕ್ಕೆ ಸೇರಿ, ಆಮೇಲೆ ಬಿ.ಎ., ಬಿ.ಇಡಿ. ಎರಡನ್ನೂ ಸೇವೆಯಲ್ಲಿದ್ದುಕೊಂಡೇ ಮುಗಿಸಿದವಳು. ಇಪ್ಪತ್ತು ವರ್ಷ ಪಾಠ ಮಾಡಿದ ಮೇಲೆ ಮತ್ತೆ ಪರೀಕ್ಷೆಯೇ ಎಂದು ಮೊದಲು ಮನಸ್ಸು ಕುಗ್ಗಿತು. ಈಗ ರಾತ್ರಿ ಅಡುಗೆಮನೆಯ ಕೆಲಸ ಮುಗಿದ ಮೇಲೆ, ಬಿ.ಇಡಿ. ಓದುತ್ತಿರುವ ಮಗಳ ಜೊತೆ ಒಂದೇ ಮೇಜಿಗೆ ಕುಳಿತು ಹಳೆಯ ಪ್ರಶ್ನೆಪತ್ರಿಕೆಗಳನ್ನು ಬಿಡಿಸುತ್ತಿದ್ದೇನೆ. ಬೋಧನಾ ಶಾಸ್ತ್ರದಲ್ಲಿ ಅವಳು ನನಗಿಂತ ಮುಂದು, ಸಮಾಜ ವಿಜ್ಞಾನದಲ್ಲಿ ನಾನು ಅವಳಿಗಿಂತ ಮುಂದು. ನಿಮ್ಮ ಊರಿನಲ್ಲಿಯೂ ಇಬ್ಬರು ಮೂವರು ಸೇರಿ ಓದಿ, ಒಬ್ಬರೇ ಓದುವುದಕ್ಕಿಂತ ಬೇಗ ಸಾಗುತ್ತದೆ.

ಪ್ರತಿಕ್ರಿಯೆ: ಹೊಸನಗರದ ಅತಿಥಿ ಶಿಕ್ಷಕಿ

ಮೂವರಿಗೂ ಮನಸಾರೆ ಕೃತಜ್ಞತೆಗಳು. ನಿನ್ನೆ ರಾತ್ರಿಯೇ ಹಿಂದಿನ ಅಧಿಸೂಚನೆಯ ವಿದ್ಯಾರ್ಹತೆಯ ಪುಟಗಳನ್ನು ಇಳಿಸಿಕೊಂಡು, ಬಿ.ಎ. ಅಂಕಪಟ್ಟಿಗಳ ಪಕ್ಕದಲ್ಲಿಟ್ಟು ಓದಿದೆ. ಉಪನಿರ್ದೇಶಕರ ಕಚೇರಿಗೆ ಕೊಡಬೇಕಾದ ಅರ್ಜಿಯನ್ನು ಬರೆದಿದ್ದೇನೆ, ಮಂಗಳವಾರ ಶಿವಮೊಗ್ಗಕ್ಕೆ ಬರುತ್ತೇನೆ. ಕನ್ನಡ ಶಿಕ್ಷಕಿಯ ಹುದ್ದೆಗೂ ಪದವಿಪೂರ್ವ ಕಾಲೇಜಿನ ರಾಜ್ಯಶಾಸ್ತ್ರಕ್ಕೂ ಅರ್ಜಿ ಹಾಕುವುದೆಂದು ತೀರ್ಮಾನಿಸಿದ್ದೇನೆ, ಆದರೂ ಸಮಾಜ ವಿಜ್ಞಾನದ ಆಸೆಯನ್ನು ಬಿಟ್ಟಿಲ್ಲ. ನನಗೆ ಹೆಚ್ಚು ಭಯ ಇರುವುದು ಭೂಗೋಳದ್ದು. ಎಸ್ಸೆಸ್ಸೆಲ್ಸಿಯ ನಂತರ ಅದನ್ನು ಓದಿದ್ದೇ ಇಲ್ಲ. ಟಿಇಟಿಗೆ ಎಲ್ಲಿಂದ ಆರಂಭಿಸಲಿ?

ಉತ್ತರ: ನಿವೃತ್ತ ಮುಖ್ಯ ಶಿಕ್ಷಕ, ಶಿವಮೊಗ್ಗ

ಮೇಡಂ, ಆ ಹುಡುಗಿಯ ಪ್ರಶ್ನೆಯಿಂದಲೇ ಆರಂಭಿಸಿ. ಭಾರತೀಯ ಸರ್ವೇಕ್ಷಣಾ ಇಲಾಖೆಯ ಸ್ಥಳಾಕೃತಿ ನಕ್ಷೆಗಳಲ್ಲಿ ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಸಮೋನ್ನತಿ ರೇಖೆಗಳಿರುತ್ತವೆ. ಲಿಂಗನಮಕ್ಕಿ ಜಲಾಶಯದ ಗರಿಷ್ಠ ಮಟ್ಟ 1819 ಅಡಿ, ಅಂದರೆ ಸುಮಾರು 554 ಮೀಟರ್. ಆ ಎತ್ತರದ ಗೆರೆ ಗುಡ್ಡಗಳ ನಡುವೆ ಹೇಗೆ ಬಳಸಿಕೊಂಡು ಹೋಗುತ್ತದೆ ಎಂದು ಪೆನ್ಸಿಲಿನಿಂದ ಗುರುತಿಸಿದರೆ, 1964ರಲ್ಲಿ ಅಣೆಕಟ್ಟು ಪೂರ್ಣಗೊಂಡ ನಂತರ ನೀರು ಎಲ್ಲಿಯವರೆಗೆ ಏರಿತು, ಯಾವ ಕಣಿವೆ ಮುಳುಗಿತು, ಯಾವ ಗುಡ್ಡದ ತಲೆ ದ್ವೀಪವಾಗಿ ಉಳಿಯಿತು ಎಂಬುದು ಕಣ್ಣಿಗೆ ಕಾಣುತ್ತದೆ. ಅಜ್ಜಿಯ ಊರಿನ ಹೆಸರು, ಹತ್ತಿರದ ಹೊಳೆ, ನಡೆದು ಹೋಗುತ್ತಿದ್ದ ಸಂತೆಯ ಊರು ಇಷ್ಟನ್ನು ಮಗು ಮನೆಯಲ್ಲಿ ಕೇಳಿಕೊಂಡು ಬಂದರೆ ಜಾಗವನ್ನು ಬಹಳ ಮಟ್ಟಿಗೆ ಹತ್ತಿರಕ್ಕೆ ತರಬಹುದು. ನಕ್ಷೆಯ ಪ್ರಮಾಣ, ಎತ್ತರ, ನದೀಪಾತ್ರ, ಮಳೆ, ವಿದ್ಯುತ್ತು, ಜನರ ಸ್ಥಳಾಂತರ ಎಲ್ಲವೂ ಆ ಒಂದು ಪಾಠದಲ್ಲಿ ಬರುತ್ತವೆ. ಭೂಗೋಳದ ಪುಸ್ತಕದ ಅರ್ಧದಷ್ಟು ಪಾರಿಭಾಷಿಕ ಪದಗಳು ನಿಮಗೆ ಬಾಯಿಪಾಠ ಮಾಡದೆಯೇ ಒಲಿಯುತ್ತವೆ. ಅಲ್ಲಿಂದ ಮುಂದೆ ಆರರಿಂದ ಹತ್ತನೆಯ ತರಗತಿಯ ಪಠ್ಯಪುಸ್ತಕಗಳ ಭೂಗೋಳ ಭಾಗವನ್ನು ಮಾತ್ರ ಕ್ರಮವಾಗಿ ಓದಿ, ಮಾರ್ಗದರ್ಶಿ ಪುಸ್ತಕಗಳನ್ನು ಆಮೇಲೆ ಹಿಡಿಯಿರಿ.

ಮಂಗಳವಾರ ಬರುವಾಗ ಅರ್ಜಿಯ ಎರಡು ಪ್ರತಿಗಳನ್ನು ತನ್ನಿ. ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಸ್ವೀಕೃತಿಯ ಮೊಹರು, ದಿನಾಂಕ ಮತ್ತು ಸಂಖ್ಯೆ ಹಾಕಿಸಿಕೊಂಡು ಹೋಗಿ. ಉತ್ತರ ಬಂದ ಮೇಲೆ ಅದರಲ್ಲಿ ಏನಿದೆ ಎಂಬುದನ್ನು ಇಲ್ಲಿಯೇ ಬರೆಯಿರಿ. ಇತಿಹಾಸ ಮತ್ತು ಸಮಾಜಶಾಸ್ತ್ರ ಓದಿದ ಇನ್ನೂ ಎಷ್ಟೋ ಜನ ಇದೇ ಪ್ರಶ್ನೆ ಹೊತ್ತು ಓಡಾಡುತ್ತಿದ್ದಾರೆ.